ಡಬ್ಬಿಯೊಳಗಿನ ಅಂದಾಜು

ಸುಜುಕಿಯ ಬೂಸ್ಟರ್‌ಜೆಟ್ ಎಂಜಿನ್ ಗಾತ್ರದಲ್ಲಿ ಚಿಕ್ಕದು. ಮೂರು ಸಿಲಿಂಡರ್, 998 ಸಿಸಿ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ವ್ಯವಸ್ಥೆ, ಜೊತೆಗೊಂದು ಟರ್ಬೊ. ಯುರೋಪಿನಲ್ಲಿ ಮಾರಿದ ಕಾರುಗಳಲ್ಲಿ ಇದರ ಶಕ್ತಿ 111 ಪಿಎಸ್, ಟಾರ್ಕ್ 170 ನ್ಯೂಟನ್ ಮೀಟರ್. 2017ರ ಮಾರ್ಚ್‌ನಲ್ಲಿ ಮಾರುತಿ ಸುಜುಕಿ ಇದೇ ಎಂಜಿನ್ನನ್ನು ಬಲೆನೊ ಆರ್‌ಎಸ್ ಎಂಬ ಕಾರಿನಲ್ಲಿ ಇಲ್ಲಿನ ಮಾರುಕಟ್ಟೆಗೆ ತಂದಾಗ ಆ ಅಂಕಿಗಳು 102 ಮತ್ತು 150ಕ್ಕೆ ಇಳಿದಿದ್ದವು.

ಈ ಇಳಿಕೆಗೆ ಕಾರುಪ್ರಿಯರ ನಡುವೆ ಒಂದು ಸಿದ್ಧ ವಿವರಣೆ ಇದೆ. ಭಾರತದವರಿಗೆ ಇಷ್ಟು ಸಾಕು ಅಂತ ಕತ್ತರಿಸಿ ಕೊಟ್ಟರು, ಕತ್ತರಿಸಿದ್ದನ್ನು ವಾಪಸ್ ಪಡೆದರೆ ತಪ್ಪೇನು ಎಂಬುದು ಆ ವಾದ. ಕೇಳಲು ಹಿತವಾಗಿದೆ. ಆದರೆ ಅದೇ ವರ್ಷ ಜಪಾನಿನಲ್ಲಿ, ಅಂದರೆ ಸುಜುಕಿಯ ಸ್ವಂತ ಮನೆಯಲ್ಲಿ, ಬಂದ ಟರ್ಬೊ ಸ್ವಿಫ್ಟ್‌ನ ಅಂಕಿ ನೋಡಿದರೆ ಅಲ್ಲೂ 102, ಅಲ್ಲೂ 150. ಜಪಾನಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಮಟ್ಟ ಸುಮಾರು 90. ಭಾರತದ ಸಾಮಾನ್ಯ ಪೆಟ್ರೋಲಿನದು ಆಗ 91. ಯುರೋಪಿನ ಸಾಮಾನ್ಯ ಬಂಕಿನಲ್ಲಿ ಸಿಗುವುದು 95. ಮೂರೂ ಕಡೆಯ ಅಂಕಿಯನ್ನು ಪಕ್ಕಪಕ್ಕದಲ್ಲಿಟ್ಟರೆ ಅವಮಾನದ ಕಥೆ ಕರಗಿ ಪೆಟ್ರೋಲಿನ ಲೆಕ್ಕ ಉಳಿಯುತ್ತದೆ.

ಆಕ್ಟೇನ್ ಎಂದರೆ ಪೆಟ್ರೋಲಿನ ತಾಳ್ಮೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿದಾಗ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ತಾಳ್ಮೆ ಕಡಿಮೆಯಿದ್ದರೆ ಜ್ವಾಲೆ ತಲುಪುವ ಮುಂಚೆಯೇ ಇನ್ನೊಂದು ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಸಣ್ಣದಾಗಿದ್ದರೆ ಟಿಕ್ ಟಿಕ್ ಎಂಬ ಸದ್ದು, ಜಾಸ್ತಿಯಾದರೆ ಪಿಸ್ಟನ್ನಿನ ಅಂಚು ಒಡೆಯುತ್ತದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬುವುದರಿಂದ ಈ ಅಪಾಯ ಯಾವಾಗಲೂ ಬಾಗಿಲಲ್ಲೇ ನಿಂತಿರುತ್ತದೆ.

ಅದನ್ನು ಬಾಗಿಲಲ್ಲೇ ನಿಲ್ಲಿಸುವ ಕೆಲಸ ಇಸಿಯು ಎಂಬ ಡಬ್ಬಿಯದು. ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೊಂದು ಪ್ರೊಸೆಸರ್, ಅದರ ನೆನಪಿನಲ್ಲಿ ನೂರಾರು ಕೋಷ್ಟಕಗಳು. ಇಷ್ಟು ಆರ್‌ಪಿಎಂ, ಇಷ್ಟು ಗಾಳಿ ಇದ್ದಾಗ ಸ್ಪಾರ್ಕ್ ಎಷ್ಟು ಡಿಗ್ರಿ ಮೊದಲು ಬೀಳಬೇಕು, ಟರ್ಬೊ ಎಷ್ಟು ಒತ್ತಬೇಕು, ಪೆಟ್ರೋಲ್ ಎಷ್ಟು, ಒಳಬರುವ ಗಾಳಿ ಬಿಸಿಯಾಗಿದ್ದರೆ ಎಷ್ಟು ಕಡಿತ, ಎತ್ತರದ ಊರಾದರೆ ಎಷ್ಟು ಕಡಿತ. ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ. ಕಾರ್ಖಾನೆಯ ಎಂಜಿನಿಯರುಗಳು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ತುಂಬಿದ ಅಂಕಿಗಳವು. ಆ ಕಾರು ಯಾವ ಪೆಟ್ರೋಲ್ ಕುಡಿಯುತ್ತದೆ, ಯಾವ ಬಿಸಿಲಿನಲ್ಲಿ ನಿಲ್ಲುತ್ತದೆ, ಅದರ ಮಾಲೀಕ ಆಯಿಲ್ ಬದಲಾವಣೆಯನ್ನು ಎಷ್ಟು ತಿಂಗಳು ಮುಂದೂಡುತ್ತಾನೆ ಎಂಬುದರ ಬಗ್ಗೆ ಅವರು ಮಾಡಿಕೊಂಡ ಅಂದಾಜು ಅದರಲ್ಲಿದೆ. ರೀಮ್ಯಾಪ್ ಎಂದರೆ ಆ ಅಂದಾಜನ್ನು ಅಳಿಸಿ ಬೇರೆ ಅಂದಾಜು ಬರೆಯುವುದು. ಬರೆಯುವವನು ಯಾರು, ಅವನು ಏನನ್ನು ನೋಡಿ ಬರೆಯುತ್ತಾನೆ ಎನ್ನುವುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆ ಹೇಗೆ ಎದುರಾಗುತ್ತದೆ ಎಂದು ನೋಡಲು ಇಂಥ ಕಾರೊಂದು ವಿಶಾಖಪಟ್ಟಣದ ಗಾಜುವಾಕದಲ್ಲಿ ನಿಂತಿದೆ ಎಂದುಕೊಳ್ಳಿ. ಮಾಲೀಕ ಬಳ್ಳಾರಿ ಕಡೆಯವನು, ಕೆಲಸಕ್ಕಾಗಿ ಉಕ್ಕಿನ ಕಾರ್ಖಾನೆಯ ಊರಿಗೆ ಬಂದವನು, ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತೆಲುಗು. ಸೆಕೆಂಡ್ ಹ್ಯಾಂಡ್ ಬಲೆನೊ ಆರ್‌ಎಸ್ ಕೊಂಡಿದ್ದಾನೆ. ಮಳೆಗಾಲದ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಸ್ಕ್ಯಾನರ್ ಸಿಕ್ಕಿಸಿದರೆ ಇಸಿಯು ಮಾತನಾಡುವುದಿಲ್ಲ. ಫ್ಯೂಸು, ವೈರು, ಅರ್ತಿಂಗ್ ಎಲ್ಲ ನೋಡಿದ ಮೇಲೆ ಮೆಕ್ಯಾನಿಕ್ ಹೇಳುವ ಮಾತು ಒಂದೇ: ಡಬ್ಬಿ ಹೋಗಿದೆ, ಇನ್ನೊಂದು ತನ್ನಿ.

ತರುವುದೇ ಕಷ್ಟ. ಬಲೆನೊ ಬೀದಿಗೊಂದಿದೆ, ಆರ್‌ಎಸ್ ಇಲ್ಲ. 2023ರ ಏಪ್ರಿಲ್‌ನಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ ಮಾರುತಿ ಈ ಮಾದರಿಯನ್ನು ವಾಪಸ್ ಕರೆದಾಗ, 2016ರ ಅಕ್ಟೋಬರ್ ಕೊನೆಯಿಂದ 2019ರ ನವೆಂಬರ್ ಆರಂಭದವರೆಗೆ ತಯಾರಾದ ಕಾರುಗಳ ಸಂಖ್ಯೆ ಹೊರಬಂತು: 7,213. ಇಡೀ ದೇಶಕ್ಕೆ ಅಷ್ಟೇ. ಬಿಎಸ್ 6 ನಿಯಮ ಬರುವ ಮುಂಚೆಯೇ ಮಾದರಿ ನಿಂತಿತು. ಸಾಮಾನ್ಯ ಬಲೆನೊದ ಡಬ್ಬಿಯನ್ನು ಇದಕ್ಕೆ ಹಾಕಲು ಬರುವುದಿಲ್ಲ. ಟರ್ಬೊ ಎಂದರೇನೆಂದು ಅದಕ್ಕೆ ಗೊತ್ತಿಲ್ಲ.

ಗಾಜುವಾಕದಿಂದ ಬಂದರು ದೂರವಿಲ್ಲ. ಕೀನ್ಯಾದಲ್ಲೋ ಪಾಕಿಸ್ತಾನದಲ್ಲೋ ಆಗಿದ್ದರೆ ಬಂದರಿನ ಊರಿನಲ್ಲಿ ಜಪಾನಿನ ಹಳೆಯ ಕಾರುಗಳ ಬಿಡಿಭಾಗಕ್ಕೆ ಬರವಿರುತ್ತಿರಲಿಲ್ಲ. ಭಾರತದ ಆಮದು ನೀತಿಯಲ್ಲಿ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಬರುವುದು ಮುಂಬೈ ಬಂದರಿನ ಮೂಲಕವೇ. ಸುಂಕ ಸೇರಿದರೆ ಯಾರೂ ತರುವುದಿಲ್ಲ. ಹಾಗಾಗಿ ಸಮುದ್ರದ ಕಡೆಯಿಂದ ಏನೂ ಬರುವುದಿಲ್ಲ. ಆ ಮಾಲೀಕ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್ ದಕ್ಷಿಣಕ್ಕೆ, ವಿಜಯವಾಡಕ್ಕೆ, ಹೊರಡಬೇಕು.

ವಿಜಯವಾಡದ ಜವಾಹರ್ ಆಟೋನಗರ 1960ರ ದಶಕದ್ದು. ಊರ ತುಂಬ ಚದುರಿದ್ದ ಗ್ಯಾರೇಜು ಶೆಡ್ಡುಗಳಿಗೆ ಒಂದು ಕಡೆ ನೆಲೆ ಸಿಕ್ಕಿತು. ಏಷ್ಯಾದಲ್ಲೇ ದೊಡ್ಡದು ಎಂಬುದು ಅಲ್ಲಿನವರ ಹೆಮ್ಮೆಯ ಮಾತು. ಲಾರಿ ಬಾಡಿ ಕಟ್ಟುವುದಕ್ಕೆ ಅದು ಹೆಸರುವಾಸಿ. ಚಾಸಿಸ್ ಒಂದು ಬರಿಮೈಯಲ್ಲಿ ಬಂದು ನಿಂತರೆ ಮರಗೆಲಸದವ, ವೆಲ್ಡರ್, ಪೇಂಟರ್, ಲೈಟಿನವ, ನಂಬರ್ ಬರೆಯುವವ ಎಲ್ಲರ ಕೈ ದಾಟಿ ಲಾರಿಯಾಗಿ ಹೊರಡುತ್ತದೆ. ಬೋರಿಂಗ್, ಕ್ರ್ಯಾಂಕ್ ತಿದ್ದುವುದು, ರೇಡಿಯೇಟರ್, ಪಂಪು ಒಂದೊಂದಕ್ಕೂ ಪ್ರತ್ಯೇಕ ಕೈ. 2014ರಲ್ಲಿ ಈ ಜಾಗದ ಹೆಸರಿನಲ್ಲೇ ಒಂದು ತೆಲುಗು ಸಿನಿಮಾ ಬಂತು. ಇಲ್ಲಿನ ಜ್ಞಾನ ಲೋಹದ್ದು. ಕಣ್ಣಿಗೆ ಕಾಣುವುದನ್ನು, ಬೆರಳಿಗೆ ತಾಗುವುದನ್ನು ಇವರು ಪುಸ್ತಕವಿಲ್ಲದೆ ಸರಿಮಾಡುತ್ತಾರೆ.

ಇಸಿಯು ಆ ಪರಂಪರೆಗೆ ತುಸು ವಿಚಿತ್ರ ವಸ್ತು. ಅದು ಕೆಟ್ಟಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಗುಜರಿ ಅಂಗಡಿಯ ಕಪಾಟಿನಲ್ಲಿ ಹತ್ತು ಡಬ್ಬಿ ಸಾಲಾಗಿದ್ದರೆ ಹತ್ತೂ ಒಂದೇ ಥರ. ಮೇಲಿನ ಸ್ಟಿಕ್ಕರಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಕನೆಕ್ಟರಿನ ಪಿನ್ನುಗಳನ್ನು ಟಾರ್ಚ್ ಹಿಡಿದು ನೋಡಬೇಕು. ಅಲ್ಲಿ ಹಸಿರು ಬಣ್ಣ ಕಂಡರೆ ನೀರು ಕುಡಿದ ಡಬ್ಬಿ ಎಂದು ಅರ್ಥ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೆಳಗಿಡಬೇಕು. ಈ ಎರಡು ಊರುಗಳಲ್ಲಿ ಈ ಎಚ್ಚರಿಕೆ ಪುಸ್ತಕದ ಮಾತಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿತು. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ದಿನಗಟ್ಟಲೆ ನೀರಿನಲ್ಲಿ ನಿಂತಿತು. ನೀರಿನಲ್ಲಿ ಮುಳುಗಿದ ಕಾರು ವಿಮೆಯ ತೀರ್ಮಾನವಾದ ಮೇಲೆ ಹರಾಜಿಗೆ ಹೋಗುತ್ತದೆ, ಹರಾಜಿನಲ್ಲಿ ಕೊಂಡವನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾನೆ. ಬಾಗಿಲಿಗೆ, ದೀಪಕ್ಕೆ ನೀರಿನಿಂದ ನಷ್ಟವಿಲ್ಲ. ಡಬ್ಬಿಗೆ ಇದೆ, ಮತ್ತು ಅದು ಒಂದು ತಿಂಗಳು ಚೆನ್ನಾಗಿ ನಡೆದು ಆಮೇಲೆ ಸಾಯುತ್ತದೆ.

ಸರಿಯಾದ ಡಬ್ಬಿ ಸಿಕ್ಕಿತು ಎಂದುಕೊಳ್ಳೋಣ. ಸಿಕ್ಕಿಸಿದ ಕೂಡಲೇ ಕಾರು ಎದ್ದು ಕೂರುವುದಿಲ್ಲ. ಕೀಲಿಯೊಳಗೆ ಒಂದು ಸಣ್ಣ ಚಿಪ್ ಇದೆ. ಅದು ಹೇಳುವ ಗುಟ್ಟು ಇಸಿಯುವಿನ ನೆನಪಿನಲ್ಲಿರುವ ಗುಟ್ಟಿಗೆ ಹೊಂದಬೇಕು, ಇಲ್ಲದಿದ್ದರೆ ಇಮೊಬಿಲೈಜರ್ ಎಂಜಿನ್ನನ್ನು ಬಿಡುವುದಿಲ್ಲ. ಬೇರೆ ಕಾರಿನ ಡಬ್ಬಿಗೆ ಬೇರೆ ಕೀಲಿಯ ನೆನಪು. ಆಗ ಮಾಡುವ ಕೆಲಸ ಕ್ಲೋನಿಂಗ್. ಸತ್ತ ಡಬ್ಬಿಯನ್ನು ಮೇಜಿನ ಮೇಲೆ ಬಿಚ್ಚಿ, ಅದರ ಮೆಮೊರಿ ಇನ್ನೂ ಓದಲು ಬಂದರೆ ಪೂರ್ತಿ ನಕಲು ಮಾಡಿ, ತಂದ ಡಬ್ಬಿಯೊಳಗೆ ಬರೆಯುವುದು. ಬರೆಯುತ್ತಿರುವಾಗ ಕರೆಂಟು ಏರುಪೇರಾದರೆ ಎರಡನೆಯ ಡಬ್ಬಿಯೂ ಹೋಯಿತು. ಆದ್ದರಿಂದ ಬಲ್ಲವರು ಸ್ಥಿರ ವಿದ್ಯುತ್ ಕೊಡುವ ಸಪ್ಲೈ ಇಲ್ಲದೆ ಕೈ ಹಾಕುವುದಿಲ್ಲ. ಸೋಲ್ಡರಿಂಗ್, ತಂತು ಹಿಡಿಯುವ ಪಿನ್ನು, ಲ್ಯಾಪ್‌ಟಾಪು, ತಾಳ್ಮೆ: ಇದು ಆಟೋನಗರದ ಹಳೆಯ ಕಸುಬಿಗೆ ಸೇರಿಕೊಂಡ ಹೊಸ ಕವಲು.

ಕೀಲಿಗೆ ಹೊಂದಿದ ಡಬ್ಬಿ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡೇ ಇರುವಾಗ ಒಂದು ಮಾತು ಬಂದೇ ಬರುತ್ತದೆ. ‘ಫೈಲು ಹೇಗೂ ಕೈಯಲ್ಲಿದೆ, ಸ್ಟೇಜ್ ಒನ್ ಹಾಕಿಬಿಡೋಣವಾ?’ ಖರ್ಚು ಮಾಡಿ ದಣಿದ ಮಾಲೀಕನಿಗೆ ಅದು ಬಹುಮಾನದಂತೆ ಕೇಳಿಸುತ್ತದೆ. ಯುರೋಪಿನ 170 ವಾಪಸ್ ಬರುತ್ತದೆಯಲ್ಲ.

170 ಎಂದರೆ ಎಷ್ಟು ಎಂಬ ಲೆಕ್ಕ ಸುಲಭ. 3,500 ಆರ್‌ಪಿಎಂನಲ್ಲಿ 150 ನ್ಯೂಟನ್ ಮೀಟರ್ ಎಂದರೆ ಸುಮಾರು 75 ಪಿಎಸ್. ಅದೇ ವೇಗದಲ್ಲಿ 170 ಆದರೆ ಸುಮಾರು 85. ಈ ಹತ್ತು ಕುದುರೆಗಳು ತುನಿ, ಅನ್ನವರಂ ದಾಟುವಾಗ ಲಾರಿಯ ಪಕ್ಕದಿಂದ ಮುಂದೆ ಹೋಗುವ ಕೆಲವು ಸೆಕೆಂಡುಗಳನ್ನು ಉಳಿಸುತ್ತವೆ. ಆ ಸುಖ ಸುಳ್ಳಲ್ಲ. ರೀಮ್ಯಾಪ್ ಮಾಡಿಸಿದವರು ಯಾಕೆ ಮಾಡಿಸಿದರು ಎಂದು ಮೂಗು ಮುರಿಯುವವರು ಆ ಸೆಕೆಂಡುಗಳನ್ನು ಲಾರಿಯ ಪಕ್ಕದಲ್ಲಿ ಕಳೆದಿರುವುದಿಲ್ಲ.

ಆದರೆ ಆ ಹತ್ತು ಕುದುರೆಗಳನ್ನು ಬರೆಯುವವನು ಬಹುಪಾಲು ಆ ಮೇಜಿನ ಮುಂದೆ ಇರುವುದಿಲ್ಲ. ಈ ವ್ಯಾಪಾರದಲ್ಲಿ ಉಪಕರಣಗಳು ಎರಡು ಬಗೆ, ಮಾಸ್ಟರ್ ಮತ್ತು ಸ್ಲೇವ್. ಸ್ಲೇವ್ ಇರುವವನು ಡಬ್ಬಿಯನ್ನು ಓದಬಲ್ಲ, ಬರೆಯಬಲ್ಲ, ಒಳಗಿನದನ್ನು ತಿದ್ದಲಾರ. ಓದಿದ ಫೈಲನ್ನು ಅವನು ಮಾಸ್ಟರ್ ಇರುವವನಿಗೆ ಕಳಿಸುತ್ತಾನೆ. ಆ ಮನುಷ್ಯ ಬೇರೆ ನಗರದಲ್ಲಿರಬಹುದು, ಬೇರೆ ಖಂಡದಲ್ಲಿರಬಹುದು. ಅರ್ಧ ಗಂಟೆಯಲ್ಲಿ ತಿದ್ದಿದ ಫೈಲು ವಾಪಸ್ ಬರುತ್ತದೆ. ತಿದ್ದಿದವನು ಆ ಕಾರಿನ ಸದ್ದು ಕೇಳಿಲ್ಲ, ಅದರ ಸ್ಪಾರ್ಕ್ ಪ್ಲಗ್ ನೋಡಿಲ್ಲ, ಟ್ಯಾಂಕಿನಲ್ಲಿ ಏನಿದೆ ಎಂದು ಕೇಳಿಲ್ಲ. ಕಾರ್ಖಾನೆಯ ಎಂಜಿನಿಯರನ ಅಂದಾಜಿನ ಜಾಗದಲ್ಲಿ ಈಗ ಇವನ ಅಂದಾಜು ಕೂತಿದೆ. ಮೊದಲನೆಯದರ ಹಿಂದೆ ತಿಂಗಳುಗಳ ಪರೀಕ್ಷೆಯಿತ್ತು, ಎರಡನೆಯದರ ಹಿಂದೆ ಊಟದ ಸಮಯ.

ಅವನಿಗೆ ಗೊತ್ತಿರಬೇಕಾಗಿದ್ದ ಸಂಗತಿಗಳು ಎರಡೂ ಊರುಗಳಲ್ಲಿ ಬಿದ್ದುಕೊಂಡಿವೆ. ಮೇ ತಿಂಗಳಲ್ಲಿ ವಿಜಯವಾಡದ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಬೆಜವಾಡ ಎಂಬ ಹಳೆಯ ಹೆಸರನ್ನು ಜನ ‘ಬ್ಲೇಜ್‌ವಾಡ’ ಮಾಡಿದ್ದು ಸುಮ್ಮನೆ ಅಲ್ಲ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿ ಸುಮಾರು ಶೇಕಡಾ 6ರಷ್ಟು ತೆಳು. ಅಷ್ಟೇ ಟಾರ್ಕ್ ಬೇಕೆಂದು ಕೋಷ್ಟಕ ಹಠ ಹಿಡಿದರೆ ಟರ್ಬೊ ಇನ್ನೂ ಜೋರಾಗಿ ತಿರುಗಿ ಒತ್ತಬೇಕು, ಒತ್ತಿದಷ್ಟೂ ಗಾಳಿ ಮತ್ತಷ್ಟು ಬಿಸಿ, ಬಿಸಿಯಾದಷ್ಟೂ ನಾಕಿಂಗ್ ಹತ್ತಿರ. ಮೂಲ ಕೋಷ್ಟಕದಲ್ಲಿ ಈ ಸರಪಳಿಯನ್ನು ತುಂಡರಿಸುವ ಕಡಿತಗಳಿವೆ. ವಿಶಾಖಪಟ್ಟಣದಿಂದ ಅನಂತಗಿರಿ ಘಟ್ಟ ಹತ್ತಿ ಅರಕುವಿಗೆ ಹೋದರೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಅಲ್ಲೂ ಟರ್ಬೊ ಮಿತಿ ಮೀರಿ ತಿರುಗದಂತೆ ತಡೆಯುವ ಅಂಕಿಗಳಿವೆ. ಅವಸರದ ಫೈಲು ಮೊದಲು ಸಡಿಲಿಸುವುದು ಇಂಥವನ್ನೇ, ಯಾಕೆಂದರೆ ಇವೇ ಶಕ್ತಿಯನ್ನು ಹಿಡಿದಿರುವ ಕೈಗಳು.

ಓಡಿಸುವ ಅಭ್ಯಾಸವೂ ಇದೆ. ಮೈಲೇಜ್ ಉಳಿಸಲು ನಲವತ್ತು ಕಿಲೋಮೀಟರ್ ವೇಗದಲ್ಲೇ ಟಾಪ್ ಗೇರಿಗೆ ಹಾಕಿ, ಗೇರ್ ಇಳಿಸದೆ ಪೆಡಲ್ ಒತ್ತುವುದು ಇಡೀ ದೇಶದ ರೂಢಿ. ನೇರ ಇಂಧನ ಚಿಮ್ಮಿಸುವ ಚಿಕ್ಕ ಟರ್ಬೊ ಎಂಜಿನ್ನುಗಳಿಗೆ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಹೊರೆ ಬಿದ್ದಾಗ ಒಂದು ವಿಶೇಷ ಕಾಯಿಲೆ ಬರುತ್ತದೆ: ಸ್ಪಾರ್ಕಿಗೂ ಮುಂಚೆ, ಆಯಿಲ್ ಹನಿಯೊಂದರಿಂದಲೋ ಕರಿಯ ಕಣದಿಂದಲೋ ಮಿಶ್ರಣ ಹೊತ್ತಿಕೊಳ್ಳುವುದು. ಒಂದೇ ಒಂದು ಸಲ ಆದರೂ ಪಿಸ್ಟನ್ ಒಡೆಯಬಹುದು. ಇದಕ್ಕೆಂದೇ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಹೊಸ ಆಯಿಲ್ ದರ್ಜೆಗಳು ಬಂದವು. ರೀಮ್ಯಾಪ್ ಮಾಡಿಸಿದವರಿಗೆ ತಕ್ಷಣ ಖುಷಿ ಕೊಡುವ ‘ಕೆಳಗಿನಿಂದಲೇ ಎಳೆತ’ ಬರುವುದು ಸರಿಯಾಗಿ ಈ ಅಪಾಯದ ಜಾಗದಲ್ಲೇ. ಆಯಿಲ್ ಡಬ್ಬದ ಮೇಲಿನ ಎರಡು ಅಕ್ಷರ ಓದದವನಿಗೆ ಹೆಚ್ಚಿನ ಟಾರ್ಕ್ ಮಾರಬಾರದು.

ಪೆಟ್ರೋಲೇ ಈ ನಡುವೆ ಬದಲಾಗಿದೆ. ಶೇಕಡಾ 20 ಎಥೆನಾಲ್ ಬೆರೆತ ಇ20 ಈಗ ಬಂಕುಗಳಲ್ಲಿ ಸಾಮಾನ್ಯ. ಸರ್ಕಾರ ಹೇಳುವಂತೆ ಅದರ ಆಕ್ಟೇನ್ 95. ಹಾಗಾದರೆ ಯುರೋಪಿನ ಅಂಕಿ ಇಲ್ಲೂ ಸಾಧ್ಯ ಎಂಬ ವಾದಕ್ಕೆ ಸ್ವಲ್ಪ ಬಲ ಬಂದಿದೆ. ಆದರೆ ಲೆಕ್ಕದ ಇನ್ನೊಂದು ಬದಿಯೂ ಸರಿದಿದೆ. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ 14.7 ಭಾಗ ಗಾಳಿ ಸಾಕು, ಎಥೆನಾಲಿಗೆ ಬೇಕಾಗುವುದು ಸುಮಾರು 9. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹರಿಯಬೇಕು. ಹಳೆಯ ಕಾರಿನ ರಬ್ಬರು, ಸೀಲು ಇ20ಗೆಂದು ಮಾಡಿದವಲ್ಲ. ಹೆದ್ದಾರಿಯ ಯಾವ ಬಂಕಿನಲ್ಲಿ ಯಾವ ದಿನ ಏನು ಸಿಗುತ್ತದೆ ಎಂಬುದು ಫೈಲು ಬರೆದವನ ಕೈಯಲ್ಲಿಲ್ಲ. ಪವರ್99ನಂಥ ದುಬಾರಿ ಪೆಟ್ರೋಲಿಗೆ ಲೆಕ್ಕ ಹಾಕಿದ ಮ್ಯಾಪ್ ಇಟ್ಟುಕೊಂಡು ಎಲ್ಲೋ ಮಧ್ಯರಾತ್ರಿ ಸಿಕ್ಕಿದ್ದನ್ನು ತುಂಬಿಸಿದರೆ ಏನಾಗುತ್ತದೆ ಎಂದು ಯೋಚಿಸದ ರೀಮ್ಯಾಪ್ ಅರ್ಧ ಕೆಲಸ.

ಕಾನೂನಿನ ಮಾತು ಯಾರೂ ಎತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಿತು. ಅಲಾಯ್ ಚಕ್ರ, ಸೈಲೆನ್ಸರ್ ಪೊಲೀಸರ ಕಣ್ಣಿಗೆ ಬೀಳುತ್ತವೆ. ಡಬ್ಬಿಯೊಳಗಿನ ಅಂಕಿ ಬೀಳುವುದಿಲ್ಲ. ಅದು ಬೆಳಕಿಗೆ ಬರುವುದು ಅಪಘಾತವಾಗಿ ವಿಮೆಯವರು ಪ್ರಶ್ನೆ ಕೇಳಿದಾಗ.

ಕಾಣದಿರುವುದರಿಂದಲೇ ಇನ್ನೊಬ್ಬರಿಗೆ ಪೆಟ್ಟು ಬೀಳುತ್ತದೆ. ಈ ಕಾರು ಹೊಸದಾಗಿ ಸಿಗುವುದಿಲ್ಲವಾದ್ದರಿಂದ ಪ್ರತಿಯೊಂದೂ ಮುಂದೆ ಮತ್ತೊಬ್ಬರ ಕೈಗೆ ಹೋಗುತ್ತದೆ. ಕೊಳ್ಳುವವರು ಟೈರು, ಬಣ್ಣ, ಸರ್ವಿಸ್ ಪುಸ್ತಕ ನೋಡುತ್ತಾರೆ. ಹಿಂದಿನ ಮಾಲೀಕ ಮೂರು ವರ್ಷ ಹೆಚ್ಚಿನ ಒತ್ತಡದಲ್ಲಿ ಓಡಿಸಿದ್ದನೇ, ಮಾರುವ ಮುಂಚೆ ಮೂಲ ಫೈಲು ವಾಪಸ್ ಬರೆಸಿದನೇ ಎಂಬುದಕ್ಕೆ ಎಲ್ಲೂ ಗುರುತಿಲ್ಲ. ಸ್ಕ್ಯಾನರ್ ತೋರಿಸುವ ಗುರುತಿನ ಸಂಖ್ಯೆಯನ್ನು ಹಾಗೇ ಉಳಿಸಿ ಒಳಗಿನದನ್ನು ಬದಲಿಸಲು ಬರುತ್ತದೆ. ಪಿಸ್ಟನ್ ಒಡೆದಾಗ ಬಿಲ್ಲು ಬರುವುದು ಆ ಹತ್ತು ಕುದುರೆಗಳ ಸುಖ ಒಂದು ದಿನವೂ ಕಾಣದವರಿಗೆ.

ಹಾಗಂತ ಈ ವಿದ್ಯೆಯೇ ಕೆಟ್ಟದ್ದೆಂದು ಅರ್ಥವಲ್ಲ. ಚೆನ್ನಾಗಿ ಮಾಡುವವರು ಹೇಗೆ ಮಾಡುತ್ತಾರೆ ಎಂದು ಗುರುತಿಸಬಹುದು. ಅವರು ಮೊದಲು ಕಾರಿನ ಆರೋಗ್ಯ ನೋಡುತ್ತಾರೆ: ಕಂಪ್ರೆಷನ್, ಪ್ಲಗ್, ಆಯಿಲ್, ಕ್ಲಚ್, ಮತ್ತು ಬಲೆನೊ ಆರ್‌ಎಸ್ ಆದರೆ ಆ ವ್ಯಾಕ್ಯೂಮ್ ಪಂಪ್ ಬದಲಾಗಿದೆಯೇ ಎಂದು. ಬ್ರೇಕ್ ಅನುಮಾನವಿರುವ ಕಾರಿಗೆ ವೇಗ ಹೆಚ್ಚಿಸುವುದಿಲ್ಲ. ಯಾವ ಪೆಟ್ರೋಲ್ ಹಾಕುತ್ತೀರಿ ಎಂದು ಕೇಳುತ್ತಾರೆ. ಶಕ್ತಿ ಅಳೆಯಲು ಡೈನೊ ಬಳಸುತ್ತಾರೆ, ದನ, ಆಟೋ, ಎದುರು ದಿಕ್ಕಿನ ಬೈಕುಗಳ ಹೆದ್ದಾರಿಯಲ್ಲಿ ಪೆಡಲ್ ಪೂರ್ತಿ ಒತ್ತಿ ಲಾಗ್ ತೆಗೆಯುವುದಿಲ್ಲ. ಎಷ್ಟು ಹೆಚ್ಚಿಸಿದೆವು ಎಂಬುದಕ್ಕಿಂತ ಬಿಸಿಲಿನಲ್ಲಿ ನಾಕ್ ಸೆನ್ಸರ್ ಏನು ಹೇಳಿತು ಎಂಬ ಕಾಗದ ತೋರಿಸುತ್ತಾರೆ. ಗಾಳಿಯ ಶಾಖ, ಎತ್ತರ, ನಾಕಿಂಗ್‌ಗೆ ಸಂಬಂಧಿಸಿದ ಕಡಿತಗಳನ್ನು ಮುಟ್ಟುವುದಿಲ್ಲ. ಕೆಲವು ಕಾರುಗಳನ್ನು ನೋಡಿ ಇದಕ್ಕೆ ಬೇಡ ಎಂದು ವಾಪಸ್ ಕಳಿಸುತ್ತಾರೆ.

ಅಂಥವರು ಮೂಲ ಫೈಲನ್ನು ಬೇರೆಯಾಗಿ ಉಳಿಸಿ ಮಾಲೀಕನ ಕೈಗೇ ಕೊಡುತ್ತಾರೆ. ಸಣ್ಣದೊಂದು ಪೆನ್ ಡ್ರೈವ್, ಜೊತೆಗೆ ಏನು ಬದಲಾಯಿತು, ಯಾವ ದಿನ, ಯಾವ ಪೆಟ್ರೋಲಿನ ಮೇಲೆ ಎಂದು ಬರೆದ ಒಂದು ಹಾಳೆ. ಗಾಜುವಾಕದ ಮಾಲೀಕ ರೀಮ್ಯಾಪ್ ಬೇಡವೆಂದು ಕ್ಲೋನ್ ಮಾಡಿದ ಡಬ್ಬಿಯೊಂದಿಗೆ ಹಾಗೇ ಹಿಂತಿರುಗಬಹುದು, ಅಥವಾ ಮಾಡಿಸಿಕೊಂಡೇ ಹಿಂತಿರುಗಬಹುದು. ಎರಡನೆಯದಾದರೆ ಆ ಹಾಳೆ ಮತ್ತು ಪೆನ್ ಡ್ರೈವ್ ಆರ್‌ಸಿ ಪುಸ್ತಕದ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರಬೇಕು. ಕಾರು ಮಾರುವ ದಿನ, ಕೀಲಿಯ ಜೊತೆ, ಅವನ್ನೂ ಕೊಳ್ಳುವವರ ಅಂಗೈಯಲ್ಲಿಟ್ಟು ಹೇಳಬೇಕು.